ಹಕ್ಕಿ ನೋಡಲು ಹೊರಟ ಕುಂಬಾರ

"ಅವ್ವಾ, ಬಾಳಿನಲ್ಲಿ ಯಾವುದು ದೊಡ್ಡದು ಯಾವುದು ಸಣ್ಣದು ಎನ್ನುವುದು ನನಗೆ ಈಗ ಗೊತ್ತಾಗಿದೆ. ಗೊತ್ತಾದ ಮೇಲೂ ದಿನಾ ಬೆಳಗಾಗೆದ್ದು ಅದನ್ನೇ ಅಭ್ಯಾಸ ಮಾಡುತ್ತ ಕೂರಬೇಕೇ?" ಎಂದು ಶಿಷ್ಯ ಕೇಳಿದ.

ಅವನ ಗುರು ಒಬ್ಬ ಮುದುಕಿ. ಎಲ್ಲರೂ ಅವಳನ್ನು ಅವ್ವ ಎನ್ನುತ್ತಿದ್ದರು.

"ನಿಂತುಕೊಂಡು ಕೇಳುವ ಮಾತಲ್ಲಪ್ಪ ಇದು. ಕಾಲು ಮಡಚಿ ಕೂತುಕೋ. ಗೋಡೆಗೆ ಒರಗಿದರೂ ಸೈ, ನಿದ್ದೆ ಮಾತ್ರ ಹೋಗಬೇಡ" ಎಂದು ಅವ್ವ ಕತೆ ಶುರುಮಾಡಿದಳು.

ಒಂದೂರಿನಲ್ಲಿ ಒಬ್ಬ ಕುಂಬಾರ. ಮನೆಯಲ್ಲಿ ಮುದಿತಾಯಿ, ಹೆಂಡತಿ, ಎರಡು ಕೂಸು. ದೊಡ್ಡದು ಹೆಣ್ಣು, ನಿಂಗಿ. ಮಾತಾಡಲು ಕಲಿತಿದ್ದಳು, ನಿಲ್ಲಿಸಲು ಇನ್ನೂ ಕಲಿತಿರಲಿಲ್ಲ. ಚಿಕ್ಕದು ಗಂಡು, ಕೆಂಚ. ಗೋಡೆ ಬಿಟ್ಟು ನಡೆಯುವುದನ್ನು ಆಗತಾನೇ ಕಂಡುಕೊಂಡಿದ್ದ.

ಆ ವರ್ಷ ಮಡಕೆ ಸುಡುವ ಆವಿಗೆ ಚೆನ್ನಾಗಿ ಬೆಂದಿತು. ಮಡಕೆಗಳೆಲ್ಲ ಮಾರಿಹೋಗಿ ಕುಂಬಾರನಿಗೆ ಬಿಡುವಾಯಿತು. ಆಗ ಹೆಂಡತಿ ಹೇಳಿದಳು, ಹೊಳೆಯಾಚೆ ಒಂದು ಕೆರೆಯಿದೆಯಂತೆ, ಚಳಿ ಬಿದ್ದರೆ ಎಲ್ಲಿಂದಲೋ ಹಕ್ಕಿಗಳು ಬಂದು ಮರ ತುಂಬ ಕೂರುತ್ತವಂತೆ, ಮಕ್ಕಳಿಗೆ ತೋರಿಸಿಕೊಂಡು ಬರೋಣ ಎಂದು. ಕುಂಬಾರನಿಗೆ ಅರ್ಥವಾಗಲಿಲ್ಲ. ಮಡಕೆ ಮಾರಲು ಅವನು ಊರು ಬಿಟ್ಟಿದ್ದ. ಮದುವೆಗೆ ಬಿಟ್ಟಿದ್ದ, ಸಾವಿಗೆ ಬಿಟ್ಟಿದ್ದ. ಹಕ್ಕಿಗಾಗಿ ಊರು ಬಿಡುವುದು ಹೇಗೆಂದು ತಿಳಿಯದು. ಹೋಗಿ ಏನು ಮಾಡುವುದು ಎಂದು ಕೇಳಿದ. ನೋಡುವುದು ಎಂದಳು. ನೋಡಿದ ಮೇಲೆ? ಬರುವುದು. ಅವನು ತಲೆ ಕೆರೆದುಕೊಂಡು ಒಪ್ಪಿದ.

ಮುದಿತಾಯಿ ಮಾತ್ರ ಒಂದು ಕಟ್ಟು ಹಾಕಿದಳು. ಊರು ಬದಲಾದರೆ ಬದಲಾಗಲಿ, ಕೂಸುಗಳಿಗೆ ನೀರು ಬದಲಾಗಕೂಡದು. ಕಂಡಕಂಡ ನೀರು ಕುಡಿದರೆ ಎಳೆ ಹೊಟ್ಟೆ ತಡೆಯುವುದಿಲ್ಲ. ಮನೆಯ ಬಾವಿಯ ನೀರನ್ನೇ ಹೊತ್ತುಕೊಂಡು ಹೋಗಬೇಕು.

ಇದು ಕುಂಬಾರನಿಗೆ ಅರ್ಥವಾಯಿತು. ಇಡೀ ಪ್ರಯಾಣದಲ್ಲಿ ಅವನಿಗೆ ಅರ್ಥವಾದದ್ದು ಇದೊಂದೇ. ಒಳ್ಳೆಯ ಮಣ್ಣು ತಂದು, ತುಳಿದು, ಮಕ್ಕಳಿಗೆಂದೇ ಒಂದು ಕೊಡ ಮಾಡಿದ. ಸುಟ್ಟ, ನೀರು ತುಂಬಿದ, ಹೆಗಲಿಗೇರಿಸಿದ.

ಹೊರಟದ್ದೇನೋ ಹೊರಟರು, ದಾರಿ ಸಾಗಬೇಕಲ್ಲ. ಎತ್ತಿಕೋ ಎಂದು ಕೆಂಚ ಅಳುವನು. ಎತ್ತಿಕೊಂಡರೆ ಇಳಿಸು ಎಂದು ಅಳುವನು. ನಿಂಗಿಗೆ ಹಿಂದಿನ ಊರಿನಲ್ಲಿ ಕಂಡ ನಾಯಿ ಬೇಕು. ಅದು ಅಲ್ಲೇ ಇರುವ ನಾಯಿ ಎಂದರೆ, ಹಾಗಾದರೆ ನಾವೂ ಅಲ್ಲೇ ಇರೋಣ ಎನ್ನುವಳು. ಗಾಡಿಯವನೊಬ್ಬ ಕನಿಕರಪಟ್ಟು ಹತ್ತಿಸಿಕೊಂಡ. ಗಾಡಿ ಹೊರಟಿತು, ನಿಂಗಿಗೆ ಉಚ್ಚೆ ಬಂತು. ಇಳಿಸಿದರೆ ಬರಲಿಲ್ಲ. ಹತ್ತಿಸಿದರೆ ಬಂತು. ಗಾಡಿಯವನು ಮತ್ತೆ ಕನಿಕರಪಡಲಿಲ್ಲ.

ಎದುರಾದವರು ತಡೆದು ಕೇಳುವರು, ಏನು ಕುಂಬಾರಣ್ಣ, ವ್ಯಾಪಾರವೋ, ಒಂದೇ ಕೊಡ ಹೊತ್ತಿದ್ದೀಯಲ್ಲ ಎಂದು. ಅಲ್ಲ, ಹಕ್ಕಿ ನೋಡುವುದಕ್ಕೆ ಎನ್ನುವನು. ಅವರು ಅವನ ಮುಖ ನೋಡಿ, ಹೆಂಡತಿಯ ಮುಖ ನೋಡಿ, ಒಳ್ಳೆಯದಾಗಲಿ ಎಂದು ಹರಸಿ ಮುಂದೆ ಹೋಗುವರು.

ಮಕ್ಕಳು ಮನೆಯ ನೀರನ್ನು ಕುಡಿಯುತ್ತಲೂ ಇರಲಿಲ್ಲ. ಬಾಯಿಗಿಟ್ಟರೆ ಉಗುಳುವರು. ದನದ ತೊಟ್ಟಿ ಕಂಡರೆ ಅದಕ್ಕೆ ಬಾಯಿ ಹಾಕುವರು. ಕುಂಬಾರ ಕೊಡ ಇಳಿಸಿ ಮಕ್ಕಳ ಹಿಂದೆ ಓಡುವನು, ಮಕ್ಕಳನ್ನು ಎಳೆದು ತಂದು ಕೊಡದ ಹತ್ತಿರಕ್ಕೆ ಓಡುವನು. ಯಾವುದನ್ನು ಯಾವುದಕ್ಕಾಗಿ ಕಾಯುತ್ತಿದ್ದೇನೆ ಎನ್ನುವುದು ಮಧ್ಯಾಹ್ನದ ಹೊತ್ತಿಗೆ ಅವನಿಗೇ ಕಲಸಿಹೋಯಿತು.

ಹೊಳೆ ಬಂತು. ದಾಟುವುದಕ್ಕೆ ಹರಿಗೋಲು, ದೊಡ್ಡ ಬುಟ್ಟಿಯಂಥ ದುಂಡನೆಯ ದೋಣಿ. ನೀರು ಕಂಡು ನಿಂಗಿ ಹೆದರಿ ಹೆತ್ತವಳ ಮಡಿಲು ಹತ್ತಿದಳು. ಕೆಂಚನನ್ನು ಕುಂಬಾರ ತನ್ನ ಮಂಡಿಗಳ ನಡುವೆ ನಿಲ್ಲಿಸಿಕೊಂಡ. ಪಕ್ಕದಲ್ಲಿ ಕೊಡ ಇಟ್ಟುಕೊಂಡ. ಅಂಬಿಗ ಹುಟ್ಟು ಹಾಕಿದ.

ನಡುಹೊಳೆಯಲ್ಲಿ ಸುಳಿಗೆ ಸಿಕ್ಕಿ ಹರಿಗೋಲು ಗಿರ್ರನೆ ತಿರುಗಿತು. ಕೊಡ ವಾಲಿತು. ಅದೇ ಗಳಿಗೆಯಲ್ಲಿ ಕೆಂಚನೂ ವಾಲಿದ. ಕುಂಬಾರನ ಎರಡು ಕೈಗಳೂ ಮುಂದೆ ಹೋದವು. ಎರಡೂ ಕೊಡಕ್ಕೇ ಹೋದವು. ತಿಗರಿಯ ಮೇಲೆ ತಿರುಗುವ ಮಣ್ಣು ವಾಲಿದರೆ ಎರಡು ಕಡೆಯಿಂದ ಹೇಗೆ ಹಿಡಿಯುತ್ತಿದ್ದನೋ ಹಾಗೇ ಹಿಡಿದ. ಕೊಡ ನಿಂತಿತು. ಕೆಂಚ ಹೊಳೆಗೆ ಬಿದ್ದ.

ಹೆಂಡತಿ ಮಡಿಲಿನ ನಿಂಗಿಯನ್ನು ಅತ್ತ ದಬ್ಬಿ, ಅಂಚಿನ ಮೇಲೆ ಬಗ್ಗಿ ನೀರಿಗೆ ಕೈ ಹಾಕಿದಳು. ಬೆರಳಿಗೆ ಕೆಂಚನ ಉಡಿದಾರ ಸಿಕ್ಕಿತು. ಎಳೆದಳು. ದಾರ ಹರಿಯಲಿಲ್ಲ, ಮಗು ಮೇಲೆ ಬಂತು. ಅಂಬಿಗ ಹುಡುಗನನ್ನು ತಲೆಕೆಳಗು ಮಾಡಿ ಬೆನ್ನು ತಟ್ಟಿದ. ಕೆಂಚ ಕೆಮ್ಮಿದ, ಹೊಟ್ಟೆ ತುಂಬ ಕುಡಿದಿದ್ದ ಹೊಳೆನೀರಿನಲ್ಲಿ ಒಂದಿಷ್ಟು ಕಕ್ಕಿದ, ಅತ್ತ. ಅಷ್ಟು ಹೊತ್ತೂ ಕುಂಬಾರ ಎರಡು ಕೈಯಲ್ಲಿ ಕೊಡ ಹಿಡಿದುಕೊಂಡೇ ಕೂತಿದ್ದ.

ಹೆಂಡತಿ ಬಯ್ಯಲಿಲ್ಲ. "ಕೊಡದ ಬಾಯಿಗೆ ಬಟ್ಟೆ ಕಟ್ಕೊಳ್ಳಿ, ನೀರು ತುಳುಕೀತು" ಎಂದಳು.

ದಡ ಸೇರಿದ ಮೇಲೆ ಅವಳು ಒಂದು ಕೂಸನ್ನು ಕಂಕುಳಿಗೇರಿಸಿ, ಇನ್ನೊಂದಕ್ಕೆ ಬೆರಳು ಕೊಟ್ಟು ಮುಂದೆ ನಡೆದಳು. ಕುಂಬಾರ ಹಿಂದೆ ಉಳಿದ. ಅಂಬಿಗನ ಹತ್ತಿರ ಹೋದ.

"ಅಣ್ಣಾ, ನೀನು ಕಣ್ಣಾರೆ ನೋಡಿದೀಯ. ನಂಗೆ ಮಗನಿಗಿಂತ ಕೊಡ ಹೆಚ್ಚೇನು?"

ಅಂಬಿಗ ಹರಿಗೋಲಿನ ನೀರು ಮೊಗೆದು ಚೆಲ್ಲುತ್ತಿದ್ದ. "ಹೊಳೆ ವಿಷಯ ಕೇಳು, ಹೇಳ್ತೀನಿ. ನಿನ್ ಕೈ ನಿನ್ನ ಕೇಳಿ ಹೋಯ್ತೋ ಕೇಳ್ದೆ ಹೋಯ್ತೋ, ಅದು ನಂಗೆಂಗಪ್ಪ ಗೊತ್ತಾಗ್ಬೇಕು?"

ಕೇಳದೆ ಹೋಯಿತು ಎಂದುಕೊಂಡ ಕುಂಬಾರ. ಒಂದು ಹೆಜ್ಜೆಗೆ ಸಮಾಧಾನವಾಯಿತು. ಮುಂದಿನ ಹೆಜ್ಜೆಗೆ, ಕೇಳದೆ ಹೋಗುವ ಕೈ ಯಾರದು ಎನ್ನಿಸಿತು.

ಕೆರೆಯಲ್ಲಿ ಹಕ್ಕಿಗಳಿದ್ದವು. ಹೇಳಿದ್ದಕ್ಕಿಂತ ಹೆಚ್ಚೇ ಇದ್ದವು. ನಿಂಗಿ ಹುಟ್ಟಿದಂದಿನಿಂದ ಮೊದಲ ಸಲ ಮಾತು ನಿಲ್ಲಿಸಿದಳು. ಕೆಂಚ ಒದ್ದೆ ತಲೆಯಲ್ಲೇ ಎರಡು ಕೈ ಚಾಚಿ ಬಾ ಬಾ ಎಂದು ಕರೆದ. ಕುಂಬಾರ ಅಂಗೈ ನೋಡಿಕೊಂಡ, ಮಗುಚಿ ಮುಂಗೈ ನೋಡಿಕೊಂಡ. ಮಗ ಹುಟ್ಟಿದಾಗ ಎತ್ತಿಕೊಂಡದ್ದು ಇದೇ ಕೈ. ಜ್ವರ ಬಂದಾಗ ಹಣೆ ಮುಟ್ಟಿದ್ದು ಇದೇ. ಹಾಗೇಕೆ ಆಯಿತು ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದ. ಅವಳು ಹಕ್ಕಿ ತೋರಿಸಿದಳು.

ಮನೆಗೆ ಬಂದಾಗ ಕೊಡ ಮುಕ್ಕಾಲುಪಾಲು ತುಂಬಿಯೇ ಇತ್ತು. ಮಕ್ಕಳ ಹೊಟ್ಟೆ ಕೆಟ್ಟಿತೇ ಎಂದು ಮುದಿತಾಯಿ ವಿಚಾರಿಸಿದಳು. ಇಲ್ಲ, ಒಂದು ಸೀನೂ ಬರಲಿಲ್ಲ ಎಂದ. ನೋಡಿದೆಯಾ, ನನ್ನ ಮಾತು ಕೇಳಿದ್ದಕ್ಕೆ ಒಳ್ಳೆಯದಾಯಿತು ಎಂದು ಅವಳು ಬೀಗಿದಳು. ಕುಂಬಾರ ಕೊಡವನ್ನು ಮೂಲೆಗಿಟ್ಟ.

ಆಮೇಲೆ ಅವರವರ ಪಾಡು ಅವರವರಿಗೆ ಆಯಿತು. ಮುದಿತಾಯಿ ಮನೆಯ ನೀರಿನ ಮಹಿಮೆಯನ್ನು ಕೇರಿಗೆಲ್ಲ ಸಾರಿ, ತುಂಬು ವಯಸ್ಸಿನಲ್ಲಿ ಕಣ್ಣು ಮುಚ್ಚಿದಳು. ಕೆಂಚ ಬೆಳೆದು ಮೀಸೆ ಹೊತ್ತ. ಅವನಿಗೆ ಹೊಳೆಯೂ ನೆನಪಿಲ್ಲ, ಹಕ್ಕಿಯೂ ನೆನಪಿಲ್ಲ. ನಿಂಗಿಗೆ ಎಲ್ಲವೂ ನೆನಪಿದೆ; ಅವತ್ತು ಹೆತ್ತವಳು ತನ್ನನ್ನು ದಬ್ಬಿದಳು ಎಂದು ಎರಡು ಹೆತ್ತ ಮೇಲೂ ದೂರು ಹೇಳುತ್ತಿದ್ದಳು. ಹೆಂಡತಿ ಗಂಡನ ಜೊತೆ ಚೆನ್ನಾಗಿಯೇ ಬಾಳಿದಳು, ನಕ್ಕಳು, ಜಗಳವಾಡಿದಳು, ಆ ದಿನದ ಮಾತು ಮಾತ್ರ ಒಮ್ಮೆಯೂ ಎತ್ತಲಿಲ್ಲ. ಹೊಳೆ ದಾಟುವಾಗಲೆಲ್ಲ ಎರಡು ಮಕ್ಕಳನ್ನೂ ತನ್ನ ಕಡೆಗೇ ಕೂರಿಸಿಕೊಂಡಳು.

ಕುಂಬಾರ ಮತ್ತೆ ತಿಗರಿಗೆ ಕೂತ. ಆದರೆ ಅವನದೊಂದು ಹೊಸ ವರಸೆ ಶುರುವಾಯಿತು. ಕೊಡ ಏಳುತ್ತಿರುವಾಗ ಎಲ್ಲಾದರೂ ಮಗುವಿನ ದನಿ ಕೇಳಿದರೆ ಸಾಕು, ಮಣ್ಣಿನಿಂದ ಕೈಯೆತ್ತಿ ಅತ್ತ ಹೊರಡುವನು. ಮೊದಮೊದಲು ಕೈ ಏಳುತ್ತಿರಲಿಲ್ಲ, ಇದೊಂದು ಮುಗಿಯಲಿ ಎನ್ನುತ್ತಿತ್ತು. ಎಬ್ಬಿಸಿದ. ಮಣ್ಣು ಕುಸಿಯಿತು. ತನ್ನ ಮಗು ಅತ್ತರೂ ಎದ್ದ, ನೆರೆಯವರ ಮಗು ನಕ್ಕರೂ ಎದ್ದ. ಮೊಮ್ಮಕ್ಕಳ ಕಾಲಕ್ಕೂ ಬಿಡಲಿಲ್ಲ. ಊರವರು ಮುದುಕನಿಗೆ ಅರಳುಮರಳು ಎಂದರು. ಕೈ ಕಲಿಯಿತೋ ಇಲ್ಲವೋ ಅವನಿಗೆ ಕಡೆಯವರೆಗೂ ತಿಳಿಯಲಿಲ್ಲ, ಹರಿಗೋಲು ಅವನೆದುರು ಇನ್ನೊಮ್ಮೆ ತಿರುಗಲಿಲ್ಲವಲ್ಲ. ಅರ್ಧ ಎದ್ದ ಒಂದು ಕೊಡವನ್ನು ತಿಗರಿಯ ಮೇಲೆ ಬಿಟ್ಟು, ಅಳುವ ಯಾವುದೋ ಕೂಸಿನ ಕಡೆಗೆ ಹೋಗುತ್ತಿದ್ದಾಗಲೇ ಅವನ ಉಸಿರು ನಿಂತಿತು.

ಅವ್ವ ಕತೆ ಮುಗಿಸಿದಳು. ಶಿಷ್ಯನಿಗೆ ತಾಳ್ಮೆ ತಪ್ಪಿತು.

"ಅಲ್ಲವ್ವಾ, ಕೊಡಕ್ಕಿಂತ ಮಗ ದೊಡ್ಡವನು ಎನ್ನುವುದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತಪ್ಪ. ಹರಿಗೋಲು ಹತ್ತುವ ಮೊದಲೇ ಗೊತ್ತಿತ್ತು."