ಕೈ ತಡೆಯುವ ವಿದ್ಯೆ

ತುಂಗಭದ್ರೆಯ ದಡದ ಆಶ್ರಮದಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಅವರ ಶಿಷ್ಯ ಮರುಳಪ್ಪ ಚೆನ್ನಾಗಿ ಓದಿಕೊಂಡವನು, ಚೆನ್ನಾಗಿ ಮಾತಾಡಬಲ್ಲವನು.

ಊರಿನ ಹುಡುಗರು ಹೊಳೆಯ ಮಂಟಪದಲ್ಲಿ ಗಾಂಜಾ ಸೇದಿ ಹೊಡೆದಾಡುತ್ತಿದ್ದರು. ತಾಯಂದಿರು ಬಂದು ಗುರುಗಳ ಮುಂದೆ ಅತ್ತರು.

"ಹೋಗಿ ಆ ಹುಡುಗರ ಜೊತೆ ಮಾತಾಡು" ಎಂದು ಗುರುಗಳು ಮರುಳಪ್ಪನನ್ನು ಕಳಿಸಿದರು.

ಮಧ್ಯಾಹ್ನ ಅವನು ತಿರುಗಿ ಬಂದ. ತಲೆ ತಗ್ಗಿಸಿ ಗುರುಗಳ ಮುಂದೆ ಕೂತ.

"ಏನಾಯಿತು?"

"ಗಾಂಜಾ ಬುದ್ಧಿಯನ್ನು ಕೆಡಿಸುತ್ತದೆ, ಸಿಟ್ಟು ಮನುಷ್ಯನನ್ನು ಸುಡುತ್ತದೆ ಎಂದೆಲ್ಲ ಹೇಳಿದೆ. ಕೊಟ್ರೇಶಿ ಎಂಬುವನು ನನ್ನ ಮುಖಕ್ಕೇ ಹೊಗೆ ಬಿಟ್ಟ. ಉಳಿದವರು ನಕ್ಕರು. ಅವನ ಕೆನ್ನೆಗೆ ಹೊಡೆದುಬಿಟ್ಟೆ. ತುಟಿ ಒಡೆದು ರಕ್ತ ಬಂತು."

ಗುರುಗಳು ಸೊಪ್ಪು ಸೋಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಹೊಡೆದಾಗ ಹೇಗಿತ್ತು?"

"ತಪ್ಪು ಮಾಡಿದೆ ಅನ್ನಿಸಿತು."

"ಅದು ಆಮೇಲಿನದು. ಹೊಡೆದಾಗ?"

ಮರುಳಪ್ಪ ತನ್ನ ಬಲಗೈಯನ್ನು ನೋಡಿಕೊಂಡ.

"ಹಿತವಾಗಿತ್ತು. ಮೈ ಹಗುರಾಯಿತು. ಇನ್ನೊಂದು ಹೊಡೆಯಬೇಕು ಅನ್ನಿಸಿತು. ಗುರುಗಳೇ, ನಾನು ಬೀಡಿಯನ್ನೂ ಮುಟ್ಟಿದವನಲ್ಲ. ಇದು ನನ್ನೊಳಗೆ ಎಲ್ಲಿಂದ ಬಂತು?"

"ಈ ಸೊಪ್ಪು ತೊಳೆದುಕೊಂಡು ಬಾ" ಎಂದರು ಗುರುಗಳು.

ಅವನಿಗೆ ಏನೂ ಅರ್ಥವಾಗಲಿಲ್ಲ. ಸೊಪ್ಪು ತೊಳೆಯಲು ಹೋದ.

ಸಂಜೆ ಕೊಟ್ರೇಶಿ ಬಂದ. ತುಟಿ ಊದಿತ್ತು, ಕೈಯಲ್ಲಿ ದೊಣ್ಣೆಯಿತ್ತು.

"ಅಜ್ಜಾರೇ, ನನಗೆ ಹೊಡೆದವನೆಲ್ಲಿ?"

"ಒಳಗೆ ಅಡುಗೆ ಮಾಡುತ್ತಿದ್ದಾನೆ. ಕೈ ತಡೆಯುವುದು ಹೇಗೆ ಅಂತ ಅವನಿಗೆ ಗೊತ್ತಿಲ್ಲ. ನಿನಗೆ ಗೊತ್ತಿದ್ದರೆ ಹೇಳಿಕೊಡು."

ಕೊಟ್ರೇಶಿ ತಬ್ಬಿಬ್ಬಾದ.

"ಗೊತ್ತಿದ್ದರೆ ಗಾಂಜಾ ಯಾಕೆ ಸೇದುತ್ತಿದ್ದೆ?" ಎಂದ.

ಗುರುಗಳು ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. ಅವನು ದೊಣ್ಣೆಯನ್ನು ಗೋಡೆಗೆ ಒರಗಿಸಿ ಕೂತ.

ಅಷ್ಟರಲ್ಲಿ ಮರುಳಪ್ಪ ಹೊರಗೆ ಬಂದು ಬಾಗಿಲಲ್ಲೇ ನಿಂತ.

ಕೊಟ್ರೇಶಿ ಅವನ ಕಡೆ ನೋಡದೆ ಹೇಳಿದ: "ಒಮ್ಮೆ ಸಿಟ್ಟಿನಲ್ಲಿ ತಮ್ಮನಿಗೆ ಹೊಡೆದೆ. ಒಂದು ಕಿವಿ ಕೇಳಿಸದ ಹಾಗಾಯಿತು. ಈಗಲೂ ಕರೆದರೆ ಇನ್ನೊಂದು ಕಡೆ ತಿರುಗುತ್ತಾನೆ. ಈ ಕೈ ಸುಮ್ಮನಿರಲಿ ಅಂತ ಸೇದಲು ಶುರು ಮಾಡಿದೆ. ಸೇದಿದಾಗ ಸುಮ್ಮನಿರುತ್ತದೆ. ನಶೆ ಇಳಿದ ಮೇಲೆ ಮೊದಲಿಗಿಂತ ಜೋರು."

"ಇವನಿಗೆ ಉತ್ತರ ಹೇಳು" ಎಂದರು ಗುರುಗಳು ಶಿಷ್ಯನಿಗೆ.

ಬೆಳಿಗ್ಗೆ ಹೇಳಿದ ಮಾತುಗಳನ್ನು ಮರುಳಪ್ಪ ಮತ್ತೆ ಹೇಳಲಿಲ್ಲ; ಬಂದು ಕೊಟ್ರೇಶಿಯ ಎದುರು ಕೂತ.

"ನಿನಗೆ ಹೊಡೆದದ್ದು ತಪ್ಪು" ಎಂದ. "ಹೊಡೆದಾಗ ನನಗೆ ಹಿತವಾಯಿತು. ಆಗಿನಿಂದ ನನಗೇ ನನ್ನ ಭಯ."

ಬಂದ ಮೇಲೆ ಮೊದಲ ಸಲ ಕೊಟ್ರೇಶಿ ಅವನ ಮುಖ ನೋಡಿದ.

"ನಿಮಗೂ ಹಾಗಾಗುತ್ತದಾ?"

"ಆಗುತ್ತದೆ."

"ಮತ್ತೆ ನೀವೇನು ಮಾಡುತ್ತೀರಿ?"

"ಗೊತ್ತಿಲ್ಲ."

ಗುರುಗಳೇ ಎದ್ದು ಹೋಗಿ ರೊಟ್ಟಿ, ಸೊಪ್ಪಿನ ಪಲ್ಯ ತಂದು ಬಡಿಸಿದರು. ಒಡೆದ ತುಟಿಗೆ ಖಾರ ತಾಗಿ ಕೊಟ್ರೇಶಿಯ ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಬಂತೋ ಏನೋ, ಊಟ ಮುಗಿದರೂ ನಿಲ್ಲಲಿಲ್ಲ. ಅವನು ಕೈ ತೊಳೆದು, ಹೇಳದೆ ಎದ್ದು ಹೋದ.

ಮರುಳಪ್ಪ ತಡೆಯಲಾರದೆ ಕೇಳಿದ: "ಗುರುಗಳೇ, ನಾನು ಅವನಿಗೆ ಏನನ್ನೂ ಕಲಿಸಲಿಲ್ಲ. ಈ ಸಂಜೆ ಸೇದದೆ ಬಂದಿದ್ದ, ನಿಜ. ಆದರೆ ನಾಳೆ ಸೇದಿಯೇ ಇಲ್ಲಿಗೆ ಬಂದರೆ?"

ಗುರುಗಳು ಚಾಪೆ ಸುತ್ತುತ್ತ ಹೇಳಿದರು:

"ಬರಲಿ. ನಿನ್ನ ಕೈ ಏಳುವಾಗ ನೀನು ಎಚ್ಚರವಾಗಿರು."