ಹೋಗಿ ಬನ್ನಿ, ಗವರ್ನರ್ ಸಾಹೇಬರೇ

ಮಂಗಳೂರನ್ನು ಜರ್ಮನರು ಆಳುತ್ತಿದ್ದರು ಎಂದಿಟ್ಟುಕೊಳ್ಳಿ. ಒಂದು ದಿನ ಅವರು ತಮ್ಮ ವಸಾಹತುಗಳಿಗೆಲ್ಲ ಸ್ವಯಂ ಆಡಳಿತ ಕೊಟ್ಟು ಒಕ್ಕೂಟ ಕಟ್ಟಿದರು. ಗವರ್ನರ್ ಕ್ರಾಮರ್ ಸಾಹೇಬರು ಊರಿಗೆ ಹೊರಡಬೇಕು, ಅವರ ಕುರ್ಚಿಯಲ್ಲಿ ನಮ್ಮ ಮಂತ್ರಿ ಕೂರಬೇಕು. ಬಂದರಿನಲ್ಲಿ ಜನ ಕೈಮುಗಿದು, “ಹೋಗಿ ಬನ್ನಿ ಸ್ವಾಮಿ” ಎಂದರು.

ಕನ್ನಡ ಬಲ್ಲೆನೆಂಬ ಜಂಬ ಸಾಹೇಬರಿಗೆ. ಅಲ್ಲೇ ನಿಂತುಬಿಟ್ಟರು. “ಕೇಳಿದಿರಾ? ‘ಬನ್ನಿ’ ಅಂತ ಪ್ರಜೆಗಳೇ ಕರೆಯುತ್ತಿದ್ದಾರೆ. ಇನ್ನು ಹೋಗುವ ಮಾತೇ ಇಲ್ಲ!”

ಮಂತ್ರಿಯ ಮುಖ ಸಪ್ಪಗಾಯಿತು. ಪೆಟ್ಟಿಗೆ ಹೊತ್ತಿದ್ದ ಅಡುಗೆಯ ದೂಮಪ್ಪ ಮಾತ್ರ ಜೋರಾಗಿ ತಲೆಯಾಡಿಸಿದ. “ಹೌದು ಸ್ವಾಮಿ, ನೀವು ಬರಲೇಬೇಕು. ಆದರೆ ಹೋಗದೆ ಬರುವುದು ಹೇಗೆ?”

ಸಾಹೇಬರು ವಾದಕ್ಕೆಂದು ಬಾಯಿ ತೆರೆದರು. ವ್ಯಾಕರಣದಲ್ಲಿ ಒಂದು ತಪ್ಪೂ ಸಿಗಲಿಲ್ಲ. ಗೊಣಗುತ್ತಾ ಹಡಗು ಹತ್ತಿ, ಮೇಲಿಂದ ಕೂಗಿದರು: “ಎಷ್ಟು ದೂರ ಹೋಗಬೇಕಯ್ಯಾ?”

ದೂಮಪ್ಪ ಕೈಬೀಸಿದ. “ಬರ್ಲಿನ್ ಮುಟ್ಟಿದರೆ ಸಾಕು ಸ್ವಾಮಿ!”