ಪರಂಗಿಯವನ ಮುಂದೆ ಸುಮ್ಮನೆ ಕೂತ ಮಂತ್ರಿ

ಒಂದಾನೊಂದು ಕಾಲದಲ್ಲಿ, ಕಡಲ ಪಕ್ಕದ ಒಂದೂರಲ್ಲಿ ಒಬ್ಬಳು ರಾಣಿ ಇದ್ದಳಂತೆ. ಅವಳ ಮಂತ್ರಿ ಪದುಮಣ್ಣ. ಬಲು ಒಳ್ಳೆಯವನು, ಆದರೆ ಅವನಿಗೊಂದು ಕಷ್ಟ. ಎದುರಿಗೆ ಕೂತವರು ಮಾತು ನಿಲ್ಲಿಸಿದರೆ ಸಂಕಟವಾಗಿ, ಕೇಳಿದ್ದಕ್ಕೆಲ್ಲ ‘ಆಗಲಿ’ ಅಂದುಬಿಡುತ್ತಿದ್ದನಂತೆ.

ಹೀಗಿರುವಾಗ ಪರಂಗಿಯವರ ಹಡಗು ಬಂತು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಕೋಟೆ ಕಟ್ಟುತ್ತೇವೆ, ನಾಲ್ಕನೇ ದಿನ ಮಾತಿಗೆ ಬರುತ್ತೇವೆ ಅಂತ ಹೇಳಿಕಳಿಸಿದರು. ಕೋಟೆ ಎದ್ದರೆ ಊರಿನ ಒಂದು ದೋಣಿಯೂ ಅವರನ್ನು ಕೇಳದೆ ಕಡಲಿಗಿಳಿಯುವ ಹಾಗಿಲ್ಲ. ರಾಣಿ ಯೋಚನೆ ಮಾಡಿ, ಮೀನು ಮಾರುವ ಮಂಕಾಳಿಯನ್ನು ಕರೆಸಿದಳು.

"ಚೌಕಾಸಿಯಲ್ಲಿ ನಿನ್ನ ಸೋಲಿಸಿದವರಿಲ್ಲವಂತೆ. ನಮ್ಮ ಮಂತ್ರಿಗಳನ್ನು ತಯಾರು ಮಾಡು, ತಾಯಿ."

ಮಂಕಾಳಿ ಪರಂಗಿಯವನ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತಳು. "ಅಳಿವೆ ಕೊಡಿ," ಅಂದು ಬಾಯಿ ಮುಚ್ಚಿದಳು. ಪದುಮಣ್ಣ ಬೆವರಿದ, ಕೆಮ್ಮಿದ. "ಅರ್ಧ ತಗೊಳ್ಳಿ," ಅಂದ. ಎರಡನೇ ದಿನ ಇನ್ನಷ್ಟು ಹೊತ್ತು ತಡೆದ. ಆಮೇಲೆ ಅಳಿವೆಯ ಜೊತೆಗೆ ಪಕ್ಕದ ಗುಡ್ಡವನ್ನೂ ಕೊಟ್ಟುಬಿಟ್ಟ.

ಮಂಕಾಳಿಗೆ ನಗು ಬರಲಿಲ್ಲ. "ಒಡೆಯಾ, ನನ್ನ ಗಂಡ ಬೆಳಿಗ್ಗೆ ಕಡಲಿಗೆ ಹೋಗಿದ್ದಾನೆ. ಇನ್ನು ಯಾವ ದಾರೀಲಿ ಮನೆಗೆ ಬರಬೇಕು?"

ಪದುಮಣ್ಣನಿಗೆ ಮುಖ ಎತ್ತಲಾಗಲಿಲ್ಲ. "ಏನು ಮಾಡಲಿ ತಂಗಿ? ಎದುರಿನವರು ಸುಮ್ಮನಾದರೆ ನನಗೆ ಉಸಿರು ಕಟ್ಟುತ್ತೆ."

"ಹಾಗಾದ್ರೆ ನಾಳೆ ನನ್ನ ಜೊತೆ ಬನ್ನಿ."

ಮೂರನೇ ದಿನ ಅಳಿವೆ ದಂಡೆಯ ಮನೆಮನೆಗೂ ಕರಕೊಂಡು ಹೋದಳು. ಬಲೆ ನೇಯುವ ಮಾಸ್ತಿ, ಹಸಿ ಬಾಣಂತಿ ನಾಗು, ಕಣ್ಣು ಕಾಣದ ದುರ್ಗಜ್ಜ. ಪದುಮಣ್ಣ ಎಲ್ಲರ ಹೆಸರು ಕೇಳಿದ, ಎಲ್ಲರ ಮನೆ ನೀರು ಕುಡಿದ. ಇಷ್ಟು ವರ್ಷ ಮಂತ್ರಿಯಾಗಿದ್ದೂ ಇವರಲ್ಲಿ ಒಬ್ಬರ ಹೆಸರೂ ತನಗೆ ಗೊತ್ತಿರಲಿಲ್ಲವಲ್ಲ ಅಂತ ಅವನಿಗೆ ಅಳು ಬಂತಂತೆ.

"ಪರಂಗಿಯವನು ಸುಮ್ಮನಾದಾಗ ಇವರ ಹೆಸರು ಮನಸ್ಸಲ್ಲೇ ಹೇಳ್ಕೊಳ್ಳಿ," ಅಂದಳು ಮಂಕಾಳಿ.

ನಾಲ್ಕನೇ ದಿನ ಪರಂಗಿ ಕಪ್ತಾನ ದುಭಾಷಿಯನ್ನು ಕರಕೊಂಡು ಬಂದ. ಅಳಿವೆ ಕೇಳಿದ, ಸುಮ್ಮನಾದ. ಪದುಮಣ್ಣನೂ ಸುಮ್ಮನಾದ. ಮಾಸ್ತಿ, ನಾಗು, ದುರ್ಗಜ್ಜ... ದಂಡೆಯ ಈ ತುದಿಯಿಂದ ಆ ತುದಿಗೆ ಮನಸ್ಸಲ್ಲೇ ಹೋದ, ತಿರುಗಿ ಬಂದ, ಮತ್ತೆ ಹೋದ. ಹೊತ್ತು ನೆತ್ತಿಗೇರಿತು. ಹಡಗಿನ ಪೀಪಾಯಿಗಳಲ್ಲಿ ನೀರು ಬತ್ತಿ ಎರಡು ದಿನವಾಗಿತ್ತಂತೆ. ಕೊನೆಗೆ ಕಪ್ತಾನನೇ ಬಾಯಿಬಿಟ್ಟ: "ಕುಡಿಯೋ ನೀರಾದರೂ ತುಂಬಿಕೊಳ್ಳಬಹುದೇ?"

"ಧಾರಾಳವಾಗಿ. ನೀರು ತುಂಬಿಕೊಳ್ಳಿ, ಅಕ್ಕಿ ಕೊಳ್ಳಿ. ಕೋಟೆ ಮಾತ್ರ ಆಗದು," ಅಂದ ಪದುಮಣ್ಣ.

ಹಾಗೇ ಓಲೆ ಬರೆದು ಇಬ್ಬರೂ ರುಜು ಹಾಕಿದರು.

ಮಂತ್ರಿ ಹೊರಗೆ ಬಂದ. ಮಂಕಾಳಿ ಅವನನ್ನು ಮರಳ ಮೇಲೆ ಕೂರಿಸಿ ಗಂಜಿ ಕೊಟ್ಟಳು. ಎರಡು ಬಟ್ಟಲು ಕುಡಿದು, ಮೂರನೆಯದನ್ನೂ ಕೇಳಿ ಕುಡಿದನಂತೆ.

ಹಡಗು ಹೋಯಿತು, ದೋಣಿಗಳು ಉಳಿದವು. ಅವರು ಅಲ್ಲಿ ತಣ್ಣಗಿದ್ದರು; ಕತೆ ಕೇಳಿದ ನೀವು ಇಲ್ಲಿ ತಣ್ಣಗಿರಿ.